ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಳೆಯ ಶಾಲೆಗಳು ಮನೆಗಳಾಗಿದ್ದು ಹೇಗೆ?

ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು, ಕಟ್ಟಡ ಇನ್ನೂ ಗಟ್ಟಿಯಾಗಿತ್ತು, ಮಾರಾಟವಾಗಿ ಮನೆಯಾಯಿತು. ಹೆಚ್ಚಿನ ಕಡೆ ನಡೆದದ್ದು ಇಷ್ಟೇ.

19ನೇ ಶತಮಾನದಲ್ಲಿ ಇಂಥ ಶಾಲೆಗಳನ್ನು ಜಾಸ್ತಿ ಕಟ್ಟಿಸಿದ್ದು ಚರ್ಚಿನವರು. ಕಲ್ಲು ಅಥವಾ ಇಟ್ಟಿಗೆಯ ದಪ್ಪ ಗೋಡೆ, ಎತ್ತರದ ಕಿಟಕಿ, ಎಷ್ಟೋ ಕಡೆ ಪಕ್ಕದಲ್ಲೇ ಮೇಷ್ಟ್ರಿಗೊಂದು ಮನೆ. 1944ರ ಶಿಕ್ಷಣ ಕಾಯ್ದೆಯ ನಂತರ ದೊಡ್ಡ ಮಕ್ಕಳು ಬೇರೆ ಪ್ರೌಢಶಾಲೆಗಳಿಗೆ ಹೋದರು. ಚಿಕ್ಕವರಷ್ಟೇ ಉಳಿದ ಸಣ್ಣ ಶಾಲೆ ನಡೆಸುವುದು ದುಬಾರಿಯಾಯಿತು.

ಆದರೆ ಮಾರಾಟ ಅಷ್ಟು ಸುಲಭವಿರಲಿಲ್ಲ. ಕಾರಣ 1841ರ ಶಾಲಾ ನಿವೇಶನ ಕಾಯ್ದೆ. ಜಮೀನುದಾರರು ಬಡಮಕ್ಕಳ ಶಾಲೆಗೆಂದು ಒಂದು ಎಕರೆವರೆಗೆ ಜಾಗ ಕೊಡಬಹುದಿತ್ತು. ಅಲ್ಲಿ ಶಾಲೆ ಮುಚ್ಚಿದರೆ ಜಾಗ ಕೊಟ್ಟವರ ಆಸ್ತಿಗೇ ವಾಪಸ್! ನೂರು ವರ್ಷ ಕಳೆದ ಮೇಲೆ ಆ ವಾರಸುದಾರರನ್ನು ಎಲ್ಲಿ ಹುಡುಕುವುದು, ಅಲ್ವಾ? ಎಷ್ಟೋ ಕಟ್ಟಡಗಳ ಒಡೆತನವೇ ಗೋಜಲಾಯಿತು. 1987ರಲ್ಲಿ ಬಂದ ಹೊಸ ಕಾಯ್ದೆ ಇದನ್ನು ಬಿಡಿಸಿತು: ಟ್ರಸ್ಟಿಗಳು ಕಟ್ಟಡ ಮಾರಬಹುದು, ವಾರಸುದಾರರ ಹಕ್ಕು ಆ ಹಣದ ಮೇಲೆ ಉಳಿಯುತ್ತದೆ. ನನ್ನ ಪ್ರಕಾರ, ಕೊಟ್ಟವರಿಗೂ ಕಟ್ಟಡಕ್ಕೂ ನ್ಯಾಯ ಮಾಡಿದ ಒಳ್ಳೆಯ ದಾರಿ ಇದು.