ಗುಗ್ಗುಳ ಗಿಡಕ್ಕೆ ನಿಜಕ್ಕೂ ಅಪಾಯವಿದೆಯೇ?

ಪ್ರಶ್ನೆ: ಗ್ರಂಧಿಗೆ ಅಂಗಡಿಯಲ್ಲಿ ಗುಗ್ಗುಳ ಕೇಳಿದಷ್ಟು ಸಿಗುತ್ತದೆ. ಆದರೂ ಗಿಡ ಅಳಿಯುತ್ತಿದೆ ಎನ್ನುತ್ತಾರಲ್ಲ, ಏಕೆ? ಇದನ್ನು ಬೆಳೆಸಬಹುದೇ?

ಉತ್ತರ: ಅಂಗಡಿಯ ದಾಸ್ತಾನು ನೋಡಿ ಕಾಡಿನ ಸ್ಥಿತಿ ಹೇಳಲಾಗದು. ರಾಜಸ್ಥಾನ, ಗುಜರಾತಿನ ಕಚ್ಛ್ ಮತ್ತು ಪಾಕಿಸ್ತಾನದ ಸಿಂಧ್ ಕಡೆಯ ಒಣ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಈ ಮುಳ್ಳುಪೊದೆಯ ಸಸ್ಯನಾಮ ಕಾಮಿಫೋರಾ ವೈಟಿಯೈ. ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಇದು ‘ತೀವ್ರವಾಗಿ ಅಳಿವಿನಂಚಿನಲ್ಲಿರುವ’ ವರ್ಗದಲ್ಲಿದೆ. ಇದರ ಮುಂದಿನ ಮೆಟ್ಟಿಲು ‘ಕಾಡಿನಲ್ಲಿ ಅಳಿದದ್ದು’.

ಅಂಗಡಿಯ ಗುಗ್ಗುಳ ಈ ಗಿಡದ ಕಾಂಡದಿಂದ ಒಸರುವ ಅಂಟು. ದೊಡ್ಡ ಕೇಡು ಆ ಅಂಟು ತೆಗೆಯುವ ರೀತಿಯಲ್ಲಿದೆ. ಚಳಿಗಾಲದಿಂದ ಬೇಸಿಗೆಯವರೆಗೆ ಕಾಂಡಕ್ಕೆ ಗೀರು ಹಾಕುತ್ತಾರೆ. ಗೀರು ತೊಗಟೆಯಲ್ಲೇ ನಿಂತರೆ ಗಾಯ ಮಾಯುತ್ತದೆ. ಹೆಚ್ಚು ಅಂಟಿನಾಸೆಗೆ ಕಟ್ಟಿಗೆಯವರೆಗೆ ಕಚ್ಚು ಹಾಕಿ ರಾಸಾಯನಿಕ ಹಚ್ಚಿದರೆ ಆ ವರ್ಷ ಅಂಟು ಧಾರಾಳ, ಆಮೇಲೆ ಗಿಡವೇ ಒಣಗುತ್ತದೆ. ಅದರ ಜಾಗಕ್ಕೆ ಇನ್ನೊಂದು ಬೇಗ ಬಾರದು: ಅಂಟಿಗೆ ಬಲಿಯಲು ಸುಮಾರು 8–10 ವರ್ಷ ಬೇಕು. ಬೀಜ ಮೊಳೆಯುವುದೂ ಕಡಿಮೆ. ಹೆಚ್ಚಿನವು ಹೆಣ್ಣುಗಿಡಗಳು, ಪರಾಗವಿಲ್ಲದೆಯೇ ಬೀಜ ಕಟ್ಟುವುದರಿಂದ ತಳಿವೈವಿಧ್ಯವೂ ಹೆಚ್ಚುವುದಿಲ್ಲ.

ಬೆಳೆಸಲು ಕಡ್ಡಿಯೇ ವಾಸಿ. ಬೆರಳು ದಪ್ಪದ, 25–30 ಸೆಂ.ಮೀ. ಉದ್ದದ ಬಲಿತ ಕಡ್ಡಿ ತೆಗೆದು, ಬುಡಕ್ಕೆ ಬೇರು ಬರಿಸುವ ಐಬಿಎ ಪುಡಿ ಸವರಿ, ಮರಳು ಹೆಚ್ಚಿರುವ ಮಣ್ಣಿನಲ್ಲಿ ನೆಡಿ. ಸೋಲುವುದು ಬಹುತೇಕ ನೀರು ಹೆಚ್ಚಾಗಿ, ಬುಡ ಕೊಳೆಯುತ್ತದೆ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಿ, ಮುಂದಿನ ಮಳೆಗಾಲಕ್ಕೆ ಹೊಲಕ್ಕೆ ಹಾಕಿ. ಕಡ್ಡಿಗಾಗಿ ಕಾಡುಗಿಡ ಕಡಿಯಬೇಡಿ, ನರ್ಸರಿಯಿಂದಲೇ ತನ್ನಿ.