ಫ್ಯಾಂಟಸಿ ಲೇಖಕರಿಗೆ ತಾವು ಎಣಿಸದ ನಾಡಿನಲ್ಲಿ ದೊಡ್ಡ ಮನ್ನಣೆ ಸಿಕ್ಕಿದ ಉದಾಹರಣೆ ಇದೆಯಾ? ಅವರು ಅದನ್ನು ಹೇಗೆ ತೆಗೆದುಕೊಂಡರು?

ನನಗೆ ಥಟ್ಟನೆ ನೆನಪಾಗುವುದು ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರು ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ನಗರಕ್ಕೆ ಕೊಟ್ಟ ಭೇಟಿ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಇಂಗ್ಲೆಂಡಿನಲ್ಲಿ ಬಂದದ್ದು 1954-55ರಲ್ಲಿ. ಬೇರೆ ಭಾಷೆಗಳ ಪೈಕಿ ಅದು ಮೊದಲು ಹೋದದ್ದು ಡಚ್‌ಗೆ, 1956ರಲ್ಲಿ. ಕಥೆಯಲ್ಲಿ ಬರುವ ಹೆಸರುಗಳನ್ನೂ ಬದಲಾಯಿಸುತ್ತಾರೆ ಅಂತ ಟೋಲ್ಕಿನ್ ಆಗ ಚೆನ್ನಾಗಿಯೇ ಸಿಡುಕಿದ್ದರು!

ಆದರೆ 1958ರ ಮಾರ್ಚ್‌ನಲ್ಲಿ ಅದೇ ನಾಡಿನ ಪುಸ್ತಕ ವ್ಯಾಪಾರಿಗಳು ಡಚ್ ಪ್ರಕಾಶಕರ ಜೊತೆ ಸೇರಿ ಅವರಿಗಾಗಿ 'ಹಾಬಿಟ್ ಊಟ' ಏರ್ಪಡಿಸಿದರು. ಹಾಬಿಟ್ ಅಂದರೆ ಅವರ ಕಥೆಗಳಲ್ಲಿ ಬರುವ ಕುಳ್ಳ ಜನ. ಅಡುಗೆಗಳಿಗೆ ಕಥೆಯ ಪಾತ್ರಗಳ ಹೆಸರು. ಅಣಬೆ ಸೂಪಿಗೆ ಕಥೆಯಲ್ಲಿ ಬರುವ ರೈತ ಮ್ಯಾಗಟ್‌ನ ಹೆಸರಿಟ್ಟಿದ್ದರು. ಅವನ ಹೊಲದ ಅಣಬೆ ಕದಿಯುವುದು ಕಥೆಯ ನಾಯಕ ಫ್ರೋಡೊ ಹುಡುಗನಾಗಿದ್ದಾಗಿನ ಚಾಳಿ, ಅಲ್ವಾ? ಅಂದರೆ ಏರ್ಪಡಿಸಿದವರು ಪುಸ್ತಕವನ್ನು ಸುಮ್ನೆ ತಿರುವಿ ಹಾಕಿದವರಲ್ಲ.

ಟೋಲ್ಕಿನ್ ಧನ್ಯವಾದ ಹೇಳಿದ ರೀತಿಯೂ ಸೊಗಸು. ಕಥೆಯ ಮೊದಲ ಅಧ್ಯಾಯದಲ್ಲಿ ಬಿಲ್ಬೊ ಎಂಬ ಹಾಬಿಟ್ ತನ್ನ ಹುಟ್ಟುಹಬ್ಬಕ್ಕೆ ಮಾಡುವ ಭಾಷಣವನ್ನೇ ಅಣಕಿಸುತ್ತಾ ಮಾತಾಡಿದರು. ಇಂಗ್ಲಿಷ್ ಮಾತಿನ ನಡುವೆ ಒಂದಿಷ್ಟು ಡಚ್, ಕಥೆಯ ಎಲ್ಫ್‌ಗಳಿಗಾಗಿ ತಾವೇ ಕಟ್ಟಿದ ಎಲ್ವಿಶ್ ಭಾಷೆ ಒಂದಿಷ್ಟು ಬೆರೆಸಿದರು.

ಅಲ್ಲೇ ಯಾಕೆ ಇಷ್ಟು ಹುಚ್ಚು? ಇದಕ್ಕೆ ಅವರೇ ಒಂದು ಪತ್ರದಲ್ಲಿ ಕಾರಣ ಊಹಿಸಿದ್ದಾರೆ. 1940ರ ಜರ್ಮನ್ ಬಾಂಬ್ ದಾಳಿಯಲ್ಲಿ ರಾಟರ್‌ಡ್ಯಾಮಿನ ನಡುಭಾಗ ನೆಲಸಮವಾಗಿತ್ತು. ಅವರು ಹೋದಾಗಲೂ ಅರ್ಧ ಹಾಳು, ಅರ್ಧ ಹೊಸ ಭಾರೀ ಕಟ್ಟಡಗಳು. ಅವುಗಳಲ್ಲಿ ಮನುಷ್ಯರ ಕಳೆಯೇ ಇಲ್ಲ ಅನ್ನಿಸಿತು ಅವರಿಗೆ. ಆ ಊರಿಗೂ ಡಚ್ಚರ ಹಳೆಯ ಅಭಿರುಚಿಗೂ ಹೊಂದಲೇ ಇಲ್ಲ, ಅದಕ್ಕೇ ಡಚ್ಚರಿಗೆ ಹಾಬಿಟ್‌ಗಳ ಅಮಲೇರಿದೆ ಅಂತ ಟೋಲ್ಕಿನ್ ಲೆಕ್ಕ. ನನಗಂತೂ ಇದು ಸರಿ ಅನ್ನಿಸುತ್ತದೆ.