ಸೇಬು, ಆಕ್ರೋಟ್ ಹಾಕಿದ ಬ್ಲಾಂಡಿಯ ನಡುಭಾಗ ಹಸಿ ಉಳಿಯುತ್ತದೆ, ಮೈದಾ ಎಷ್ಟು ಹೆಚ್ಚಿಸಲಿ?

ಒಂದು ಚಮಚವೂ ಬೇಡ. ಮೈದಾ ಹೆಚ್ಚಿಸಿದರೆ ಹಸಿ ಹೋಗುವುದಿಲ್ಲ, ಬ್ಲಾಂಡಿಯೇ ಹೋಗುತ್ತದೆ. ಬ್ಲಾಂಡಿ ಅಂದರೆ ಕೋಕೋ ಹಾಕದ ಬ್ರೌನಿ, ಒಳಗೆ ಮೆತ್ತಗಿರಬೇಕಾದ ತಿನಿಸು.

ಮೂಡಿಗೆರೆ ಹತ್ತಿರ ಹೋಂಸ್ಟೇ, 25 ಲೀಟರಿನ ಓಟಿಜಿ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್), ಮೇಲೆ ಕೆಂಪಗಾದರೂ ನಡುವೆ ಅಂಟಂಟು, ಗ್ಲೇಜ್ (ಮೇಲೆ ಸುರಿಯುವ ಸಿಹಿ ಲೇಪ) ಮಾರನೆಯ ದಿನಕ್ಕೆ ಬೆವರುತ್ತದೆ, ಮೇಪಲ್ ಫ್ಲೇವರ್ ಸಿರಪ್‌ಗಳಲ್ಲಿ ಯಾವುದು ವಾಸಿ ಅಂತ ಕೇಳಿದ್ದೀರಿ. ಹಾಸನದಲ್ಲಿ ಮನೆಯಿಂದಲೇ ಆರ್ಡರ್ ಹಿಡಿದು ಬೇಕ್ ಮಾಡುವ ನನಗೆ ಈ ಟ್ರೇ ಚೆನ್ನಾಗಿ ಪರಿಚಯ, ಶುರುವಿನಲ್ಲಿ ನನ್ನ ಓವನ್ನಿಂದ ಬರುತ್ತಿದ್ದದ್ದೂ ಇದೇ. ನೇರವಾಗಿ ಸೇಬಿಗೇ ಬರುತ್ತೇನೆ.

ಸೇಬಿನ ತೂಕದಲ್ಲಿ ಶೇ. 85ರಷ್ಟು ನೀರೇ. ನೀವು ಎರಡು ಸೇಬನ್ನು ಹಸಿಯಾಗಿಯೇ ಹೆಚ್ಚಿ ಹಿಟ್ಟಿಗೆ ಹಾಕಿದ್ದೀರಿ. ಬ್ಲಾಂಡಿ ಹಿಟ್ಟಿನಲ್ಲಿ ಸಕ್ಕರೆ ವಿಪರೀತ. ಆ ಸಕ್ಕರೆ ತಗುಲಿದ ಕೂಡಲೇ, ಉಪ್ಪು ಬೆರೆಸಿದ ಮಾವಿನಕಾಯಿ ಹೋಳು ಜಾಡಿಯಲ್ಲಿ ನೀರೊಡೆಯುವ ಹಾಗೆ, ಸೇಬಿನ ಹೋಳೂ ನೀರೊಡೆಯಲು ಶುರು ಮಾಡುತ್ತದೆ. ಓವನ್ನಿನ ಬಿಸಿಗೆ ಹೋಳಿನ ಕೋಶಗಳು ಒಡೆದು ಉಳಿದದ್ದೂ ಹೊರಗೆ ಬರುತ್ತದೆ. ಲೆಕ್ಕ ಹಾಕಿ ನೋಡಿ: ಸಿಪ್ಪೆ, ಬೀಜ ತೆಗೆದ 250 ಗ್ರಾಂ ಸೇಬನ್ನು ಬಾಣಲೆಯಲ್ಲಿ ಹುರಿದರೆ 160 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಅಂದರೆ 90 ಗ್ರಾಂ ನೀರು. ಒಂದು ಮೊಟ್ಟೆಯಲ್ಲಿರುವ ನೀರು ಹೆಚ್ಚೆಂದರೆ 38 ಗ್ರಾಂ. ಹಸಿ ಸೇಬು ಹಾಕಿದಾಗ ನೀವು ಗೊತ್ತಿಲ್ಲದೆ ಎರಡು ಮೊಟ್ಟೆಗಿಂತ ಹೆಚ್ಚಿನ ನೀರನ್ನು ಸುರಿದ ಹಾಗಾಯಿತು, ಅದೂ ಟ್ರೇ ಅರ್ಧ ಬೆಂದ ಮೇಲೆ.

ಮೈದಾ ಹೆಚ್ಚಿಸಿದರೆ ಯಾಕೆ ಸರಿಹೋಗುವುದಿಲ್ಲ ಅಂದರೆ, ಈ ನೀರು ಹಿಟ್ಟಿನ ತುಂಬ ಸಮವಾಗಿ ಹರಡುವುದಿಲ್ಲ. ಪ್ರತಿ ಹೋಳಿನ ಸುತ್ತ ಅರ್ಧ ಸೆಂಟಿಮೀಟರ್ ಅಗಲ ನಿಂತುಕೊಳ್ಳುತ್ತದೆ. ನಿಮ್ಮ ತುಂಡೊಂದನ್ನು ಅಡ್ಡ ಸೀಳಿ ನೋಡಿ: ಹೋಳಿನ ಸುತ್ತ ಕಪ್ಪಾದ, ಮೇಣದಂಥ ಒಂದು ಉಂಗುರ, ಅದರಾಚೆ ಚೆನ್ನಾಗಿ ಬೆಂದ ಭಾಗ. ಹೆಚ್ಚುವರಿ ಮೈದಾ ಹಾಕಿದರೆ ಆ ಬೆಂದ ಭಾಗ ಒಣಗಿ ಬಿರುಸಾಗುತ್ತದೆ, ಉಂಗುರ ಹಾಗೇ ಇರುತ್ತದೆ. ಉರಿ ಹೆಚ್ಚಿಸಿದರೂ ಅಷ್ಟೆ. ಮೇಲಿನ ಸಕ್ಕರೆ ಕಪ್ಪಾಗುತ್ತದೆ, ನಡುವೆ ನೀರು ಆವಿಯಾಗಿ ಮುಗಿಯುವ ತನಕ ಅಲ್ಲಿ ಬಿಸಿ ನೂರು ಡಿಗ್ರಿ ದಾಟುವುದೇ ಇಲ್ಲ. ಕಡ್ಡಿ ಚುಚ್ಚಿ ನೋಡುವುದೂ ಇಲ್ಲಿ ಮೋಸ. ಕಡ್ಡಿ ಹೋಳಿಗೆ ತಾಗಿದರೆ ಬೆಂದಿದ್ದರೂ ಒದ್ದೆ ಬರುತ್ತದೆ, ನೀವು ಇನ್ನೂ ಹತ್ತು ನಿಮಿಷ ಬಿಡುತ್ತೀರಿ, ಅಂಚು ಕಲ್ಲಾಗುತ್ತದೆ.

ಆದ್ದರಿಂದ ಸೇಬನ್ನು ಮೊದಲು ಹುರಿಯಿರಿ. ಒಂದು ಸೆಂಟಿಮೀಟರ್ ಚೌಕಕ್ಕೆ ಹೆಚ್ಚಿ, ಅದಕ್ಕಿಂತ ದೊಡ್ಡದಾದರೆ ಒಳಗಿನ ನೀರು ಹೊರಬರುವುದಿಲ್ಲ. ಅಗಲ ಬಾಣಲೆಯಲ್ಲಿ 10 ಗ್ರಾಂ ಬೆಣ್ಣೆ, ಒಂದು ಚಿಟಿಕೆ ಉಪ್ಪು, ಮಧ್ಯಮ ಉರಿ. ಸಕ್ಕರೆ ಹಾಕಬೇಡಿ, ಮುಚ್ಚಳವಂತೂ ಮುಚ್ಚಲೇಬೇಡಿ. ಮೊದಲ ಮೂರು ನಾಲ್ಕು ನಿಮಿಷ ನೀರು ಬಿಟ್ಟು ಗುಳುಗುಳು ಅನ್ನುತ್ತದೆ. ಆಮೇಲೆ ಸದ್ದು ಬದಲಾಗಿ ಚಿರ್ರನೆ ಹುರಿಯುವ ಸದ್ದು ಬರುತ್ತದೆ. ಅಲ್ಲಿಂದ ಎರಡು ನಿಮಿಷ, ಅಂಚು ನಸುಗೆಂಪಾಗುವ ತನಕ. ಒಟ್ಟು ಎಂಟು ನಿಮಿಷದೊಳಗೆ ಮುಗಿಯುತ್ತದೆ. ಹೋಳು ಚೌಕವಾಗಿಯೇ ಇರಬೇಕು, ಕಲಸಿ ಗೊಜ್ಜಾಗಬಾರದು. ತಟ್ಟೆಯಲ್ಲಿ ಹರಡಿ ಪೂರ್ತಿ ಆರಲು ಬಿಡಿ, ಆರುವಾಗಲೂ ಸ್ವಲ್ಪ ಆವಿ ಹೋಗುತ್ತದೆ. ತೂಕದ ಯಂತ್ರ ಇದ್ದರೆ ಮತ್ತೊಮ್ಮೆ ತೂಗಿ. 170 ಗ್ರಾಂಗಿಂತ ಹೆಚ್ಚಿದ್ದರೆ ಮತ್ತೆ ಬಾಣಲೆಗೆ.

ಸೇಬು ಯಾವುದು ಅನ್ನುವುದೂ ಮುಖ್ಯ. ಹಸಿರು ಗ್ರಾನಿ ಸ್ಮಿತ್ ಸಿಕ್ಕರೆ ಬೇರೆ ಯೋಚನೆ ಬೇಡ, ಗಟ್ಟಿಯಾಗಿರುತ್ತದೆ, ಹುಳಿ ಇರುತ್ತದೆ, ಈ ಸಿಹಿಯ ನಡುವೆ ಆ ಹುಳಿ ಬೇಕೇ ಬೇಕು. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಾಗಲಿ ನಿಮ್ಮ ಸಂತೆಯಲ್ಲಾಗಲಿ ಹೆಚ್ಚಾಗಿ ಸಿಗುವುದು ಕೆಂಪು ಡೆಲಿಷಿಯಸ್. ಅದು ಹೊಸದಾಗಿದ್ದರೆ ನಡೆಯುತ್ತದೆ. ಹಳೆಯದಾದರೆ ಕಚ್ಚಿದಾಗ ರವೆ ರವೆ, ಬಾಣಲೆಗೆ ಹಾಕಿದ ಕೂಡಲೇ ಕರಗಿಹೋಗುತ್ತದೆ. ಕೈಯಲ್ಲಿ ಹಿಡಿದಾಗ ಗಾತ್ರಕ್ಕಿಂತ ಭಾರ ಅನಿಸುವ, ಹೆಬ್ಬೆರಳಿಗೆ ಅದುಮದ ಹಣ್ಣು ಆರಿಸಿ, ಹುರಿಯುವಾಗ ಒಂದು ಟೀ ಚಮಚ ನಿಂಬೆರಸ ಹಾಕಿ. ಹೊರಗಿನಿಂದ ಬರುವ ಹಣ್ಣಿಗೆ ಹೆಚ್ಚಾಗಿ ಮೇಣ ಸವರಿರುತ್ತದೆ, ಸಿಪ್ಪೆ ತೆಗೆಯುವುದು ವಾಸಿ.

ಇನ್ನು ಅಳತೆ, 8 ಇಂಚಿನ ಚೌಕ ಟ್ರೇಗೆ. ಉಪ್ಪಿಲ್ಲದ ಬೆಣ್ಣೆ 115 ಗ್ರಾಂ, ಬ್ರೌನ್ ಶುಗರ್ 170 ಗ್ರಾಂ, ಒಂದು ಮೊಟ್ಟೆ, ಜೊತೆಗೆ ಇನ್ನೊಂದರ ಹಳದಿ ಮಾತ್ರ, ವೆನಿಲಾ ಒಂದು ಟೀ ಚಮಚ, ಮೈದಾ 140 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಉಪ್ಪು ಕಾಲು, ಚಕ್ಕೆ ಪುಡಿ ಅರ್ಧ, ಹುರಿದ ಸೇಬು, ಆಕ್ರೋಟ್ 70 ಗ್ರಾಂ. ಬ್ರೌನ್ ಶುಗರ್ ಸಿಗದಿದ್ದರೆ ಅಷ್ಟೇ ತೂಕದ ಬಿಳಿ ಸಕ್ಕರೆಗೆ ಒಂದು ದೊಡ್ಡ ಚಮಚ ಜೋನಿ ಬೆಲ್ಲ (ನೀರು ಬೆಲ್ಲ) ಹಾಕಿ ಬೆರಳಲ್ಲಿ ಉಜ್ಜಿ, ಕೆಲಸ ಆಗುತ್ತದೆ. ಕಪ್ಪಿನಲ್ಲಿ ಮೈದಾ ಅಳೆಯಬೇಡಿ. ಅದುಮಿ ತುಂಬಿದ ಕಪ್ಪಿಗೂ ಸಡಿಲವಾಗಿ ತುಂಬಿದ ಕಪ್ಪಿಗೂ 30 ಗ್ರಾಂ ಹೆಚ್ಚುಕಮ್ಮಿ ಬರುತ್ತದೆ.

ಬೆಣ್ಣೆಯನ್ನು ಬರಿದೇ ಕರಗಿಸುವ ಬದಲು ಕಾಯಿಸಿ. ತುಪ್ಪ ಕಾಯಿಸುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ನೊರೆ ಇಳಿದು, ತಳದ ಗಸಿ ಹೊಂಬಣ್ಣಕ್ಕೆ ತಿರುಗಿ, ಘಮ್ಮೆನ್ನುವ ಹೊತ್ತಿಗೆ ಇಳಿಸಿ. ಆದರೆ ಸೋಸಬೇಡಿ, ರುಚಿ ಇರುವುದು ಆ ಗಸಿಯಲ್ಲೇ. ಇಲ್ಲೂ ಲಾಭ ನೀರಿನದ್ದೇ. ಅಂಗಡಿ ಬೆಣ್ಣೆಯಲ್ಲಿ ಶೇ. 16ರಷ್ಟು ನೀರಿರುತ್ತದೆ, ಕಾಯಿಸಿದರೆ ಅದು ಹೋಗುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು ಇನ್ನೂ ಹೆಚ್ಚು, ಮಜ್ಜಿಗೆಯ ಅಂಶವೂ ಇರುತ್ತದೆ. ಅದನ್ನು ಬಳಸುವುದಾದರೆ 130 ಗ್ರಾಂ ತೆಗೆದುಕೊಂಡು, ಕಾಯಿಸಿದ ಮೇಲೆ 95 ಗ್ರಾಂ ಅಳೆದು ಹಾಕಿ.

ಬೆಣ್ಣೆ ಉಗುರು ಬೆಚ್ಚಗಾದ ಮೇಲೆ ಸಕ್ಕರೆ ಹಾಕಿ ಒಂದು ನಿಮಿಷ ಕಡೆಯಿರಿ, ಮೊಟ್ಟೆ ಮತ್ತು ವೆನಿಲಾ ಹಾಕಿ ಇನ್ನೊಂದು ನಿಮಿಷ, ಹೊಳಪು ಬರುವ ತನಕ. ಮೇಲ್ಪದರ ತೆಳ್ಳಗೆ ಹಪ್ಪಳದಂತೆ ಬಿರಿಯುವುದು ಈ ಕಡೆತದಿಂದಲೇ. ಮೈದಾ, ಬೇಕಿಂಗ್ ಪೌಡರ್, ಉಪ್ಪು, ಚಕ್ಕೆ ಪುಡಿ ಜರಡಿ ಹಿಡಿದು ಹಾಕಿದ ಮೇಲೆ ವಿಸ್ಕ್ ಕೆಳಗಿಡಿ, ಸ್ಪ್ಯಾಚುಲಾದಲ್ಲಿ ಬಿಳಿ ಕಾಣದಷ್ಟು ಮಾತ್ರ ಮಡಚಿ. ಕೊನೆಗೆ ಸೇಬು, ಆಕ್ರೋಟ್. ಹಿಟ್ಟು ಗಟ್ಟಿ, ಸುರಿದರೆ ಬೀಳುವುದಿಲ್ಲ, ತಳ್ಳಿ ಹರಡಬೇಕು. ಸುರಿಯುವಷ್ಟು ತೆಳ್ಳಗಿದ್ದರೆ ಬೆಣ್ಣೆ ಬಿಸಿಯಾಗಿತ್ತು ಅಥವಾ ಸೇಬು ಒದ್ದೆ ಇತ್ತು ಅಂತಲೇ ಅರ್ಥ.

ಆಕ್ರೋಟನ್ನು 160 ಡಿಗ್ರಿಯಲ್ಲಿ ಎಂಟು ನಿಮಿಷ ಹುರಿದು, ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ಆದಷ್ಟು ಉದುರಿಸಿ, ಕಹಿ ಇರುವುದು ಅದರಲ್ಲಿ. ಹುರಿಯದೆ ಹಾಕಿದರೆ ಸೇಬಿನ ತೇವ ಹೀರಿ ಚರ್ಮದಂತಾಗುತ್ತದೆ. ಮಳೆಗಾಲದಲ್ಲಿ ತಂದ ಪ್ಯಾಕೆಟ್ಟಿನಿಂದ ಮೊದಲು ಒಂದು ಕಚ್ಚಿ ನೋಡಿ, ಕಮಟು ವಾಸನೆ ಬಂದರೆ ಇಡೀ ಟ್ರೇ ಹಾಳು. ಗೋಡಂಬಿಯೂ ನಡೆಯುತ್ತದೆ. ಕಡ್ಲೆಕಾಯಿ ಬೀಜ ಬೇಡ, ಸೇಬಿನ ವಾಸನೆಯನ್ನೇ ನುಂಗಿಬಿಡುತ್ತದೆ.

ಓವನ್ 175 ಡಿಗ್ರಿ, 15 ನಿಮಿಷ ಮೊದಲೇ ಕಾಯಿಸಿ. 25 ಲೀಟರಿನ ಓಟಿಜಿಯಲ್ಲಿ ಮೇಲಿನ ರಾಡ್ ಟ್ರೇಗೆ ತೀರಾ ಹತ್ತಿರ. ಒಂದು ಹಂತ ಕೆಳಗಿಡಿ, 20 ನಿಮಿಷ ಆದ ಮೇಲೆ ಫಾಯಿಲ್ ಸಡಿಲವಾಗಿ ಹೊದಿಸಿ. 30 ನಿಮಿಷದ ಸುಮಾರಿಗೆ ಅಂಚು ಟ್ರೇ ಬಿಟ್ಟಿರುತ್ತದೆ, ಅಲ್ಲಾಡಿಸಿದರೆ ನಡುವೆ ತುಳುಕಬಾರದು. ಕಡ್ಡಿಯನ್ನು ಮೂರು ಕಡೆ ಚುಚ್ಚಿ. ಒದ್ದೆ ಪುಡಿ ಅಂಟಿದ್ದರೆ ಆಯಿತು, ಹಸಿ ಹಿಟ್ಟು ಅಂಟಿದ್ದರೆ ಇನ್ನು ನಾಲ್ಕು ನಿಮಿಷ. ಪೂರ್ತಿ ಒಣಗಿ ಬರಲಿ ಅಂತ ಕಾದರೆ ನಿಮಗೆ ಸಿಗುವುದು ಒಣ ಕೇಕು. ಗಾಜಿನ ಟ್ರೇ ಆದರೆ 160ಕ್ಕೆ ಇಳಿಸಿ. ನಡುವೆ ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಹತ್ತು ನಿಮಿಷದಲ್ಲಿ ಬಂದರೆ ಏನೂ ಆಗುವುದಿಲ್ಲ, ಬ್ಲಾಂಡಿ ಸ್ಪಂಜಿನ ಹಾಗೆ ಕುಸಿದು ಕೂರುವ ಜಾತಿಯಲ್ಲ. ಎತ್ತರದ ಊರು, ಬೇಕಿಂಗ್ ಪೌಡರ್ ಕಡಿಮೆ ಮಾಡಬೇಕು ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಸಾವಿರ ಮೀಟರ್ ಆಸುಪಾಸಿನ ನಮ್ಮ ಊರುಗಳಲ್ಲಿ, ಅದೂ ಅರ್ಧ ಚಮಚ ಪೌಡರಿಗೆ, ವ್ಯತ್ಯಾಸ ಗೊತ್ತಾಗುವುದಿಲ್ಲ.

ಈಗ ಸಿರಪ್. ಫ್ಲೇವರ್ ಸಿರಪ್‌ಗಳಲ್ಲಿ ವಾಸಿ ಅಂತ ಒಂದೂ ಇಲ್ಲ. ಬಾಟಲಿ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಅಸಲಿಯಾದರೆ ಅಲ್ಲಿ ಮೇಪಲ್ ಸಿರಪ್ ಅಂತ ಒಂದೇ ಹೆಸರು ಇರುತ್ತದೆ. ಉಳಿದವು ಜೋಳದ ಅಥವಾ ಸಕ್ಕರೆಯ ಪಾಕಕ್ಕೆ ಬಣ್ಣ, ವಾಸನೆ ಬೆರೆಸಿದವು. ಅಸಲಿಗೆ ಬೆಲೆ ಯಾಕೆ ಅಂದರೆ, ಮೇಪಲ್ ಮರದ ರಸದಲ್ಲಿ ಸಕ್ಕರೆ ಶೇ. 2ರಷ್ಟೇ, ಒಂದು ಲೀಟರ್ ಸಿರಪ್ಪಿಗೆ ಸುಮಾರು 40 ಲೀಟರ್ ರಸ ಬತ್ತಿಸಬೇಕು. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಚಳಿಗಾಲದ ಕೊನೆಯಲ್ಲಿ ಮಾತ್ರ ಆ ರಸ ಹರಿಯುತ್ತದೆ, ಜಗತ್ತಿನ ಬಹುಪಾಲು ಕೆನಡಾದ ಕ್ವಿಬೆಕ್‌ನಿಂದಲೇ ಬರುವುದು. ಕೊಳ್ಳುವುದಾದರೆ ‘ಡಾರ್ಕ್’ ಅಂತ ಬರೆದದ್ದು ಕೊಳ್ಳಿ, ತಿಳಿ ಬಣ್ಣದ್ದರ ರುಚಿ ಗ್ಲೇಜಿನ ಐಸಿಂಗ್ ಶುಗರಿನಲ್ಲಿ (ನುಣ್ಣನೆಯ ಸಕ್ಕರೆ ಪುಡಿ) ಕಳೆದುಹೋಗುತ್ತದೆ. ತೆರೆದ ಬಾಟಲಿ ಫ್ರಿಜ್ಜಿನಲ್ಲಿರಲಿ, ಹೊರಗಿಟ್ಟರೆ ಬೂಸ್ಟು ಬರುತ್ತದೆ.

ನನ್ನನ್ನು ಕೇಳಿದರೆ ಮಲೆನಾಡಿನ ಹೋಂಸ್ಟೇಗೆ ಅದರ ಹಂಗೇ ಬೇಡ. ಜೋನಿ ಬೆಲ್ಲ ತನ್ನಿ. ಕಾಲು ಟೀ ಚಮಚ ಮೆಂತ್ಯವನ್ನು ಕೆಂಪಗೆ ಹುರಿದು, ಪುಡಿ ಮಾಡದೆ, 100 ಮಿ.ಲೀ. ಜೋನಿ ಬೆಲ್ಲಕ್ಕೆ ಹಾಕಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಹತ್ತು ನಿಮಿಷ ಬಿಟ್ಟು ಸೋಸಿ. ಬಟ್ಟೆಯಲ್ಲೇ ಸೋಸಿ, ಕಬ್ಬಿನ ಸಿಪ್ಪೆಯ ಚೂರು, ಒಮ್ಮೊಮ್ಮೆ ಮರಳೂ ಸಿಗುತ್ತದೆ. ಮೆಂತ್ಯದ ಘಮಕ್ಕೆ ಕಾರಣವಾದ ಸೊಟೊಲಾನ್ ಅನ್ನುವ ಅಂಶ ಮೇಪಲ್ ಸಿರಪ್ಪಿನಲ್ಲೂ ಇದೆ, ನಕಲಿ ಮೇಪಲ್ ವಾಸನೆ ತಯಾರಿಸುವವರೂ ಮೆಂತ್ಯವನ್ನು ನೆಚ್ಚುತ್ತಾರೆ. ಮೆನುವಿನಲ್ಲಿ ಮಾತ್ರ ಮೇಪಲ್ ಅಂತ ಬರೆಯಬೇಡಿ, ಜೋನಿ ಬೆಲ್ಲ ಅಂತಲೇ ಬರೆಯಿರಿ. ಬೆಂಗಳೂರಿನಿಂದ ಬಂದವರು ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ.

ಗ್ಲೇಜಿಗೆ ಬೆಣ್ಣೆ 30 ಗ್ರಾಂ, ಸಿರಪ್ ಅಥವಾ ಜೋನಿ ಬೆಲ್ಲ 60 ಮಿ.ಲೀ., ಉಪ್ಪು ಚಿಟಿಕೆ. ಕುದಿ ಬಂದ ಮೇಲೆ ಸರಿಯಾಗಿ ಒಂದು ನಿಮಿಷ ಕುದಿಸಿ ಇಳಿಸಿ, ಜರಡಿ ಹಿಡಿದ ಐಸಿಂಗ್ ಶುಗರ್ 100 ಗ್ರಾಂ ಹಾಕಿ ಕಡೆಯಿರಿ. ಚಮಚದಿಂದ ಬಿದ್ದ ಎಳೆ ಹತ್ತು ಸೆಕೆಂಡಿನಲ್ಲಿ ಕರಗಿ ಮಟ್ಟವಾದರೆ ಹದ. ಗಟ್ಟಿಯಾದರೆ ನೀರಿನ ಬದಲು ಗಟ್ಟಿ ಡಿಕಾಕ್ಷನ್ ಒಂದು ಟೀ ಚಮಚ ಹಾಕಿ, ಸಿಹಿಯ ಮೊನಚೂ ಸ್ವಲ್ಪ ತಗ್ಗುತ್ತದೆ. ಬ್ಲಾಂಡಿ ಬಿಸಿ ಇದ್ದಾಗ ಸುರಿದರೆ ಗ್ಲೇಜ್ ಒಳಗೆ ಇಳಿದು ಮೇಲೆ ಬರೀ ಅಂಟು ಉಳಿಯುತ್ತದೆ, ಟ್ರೇ ತಳ ಮುಟ್ಟಿದರೆ ಬೆಚ್ಚಗೆ ಅನಿಸುವಷ್ಟು ಆರಿರಬೇಕು, ಮುಕ್ಕಾಲು ಗಂಟೆ.

ಬೆವರುವುದು ನಿಮ್ಮ ಕೈ ತಪ್ಪಲ್ಲ, ಹವೆಯದ್ದು. ಜುಲೈ ತಿಂಗಳ ಮೂಡಿಗೆರೆಯಲ್ಲಿ ಐಸಿಂಗ್ ಶುಗರ್ ಗಾಳಿಯ ತೇವ ಹೀರಿಕೊಂಡೇ ಹೀರಿಕೊಳ್ಳುತ್ತದೆ, ಯಾವ ಅಳತೆಯೂ ಅದನ್ನು ತಡೆಯದು. ಹಿಂದಿನ ಸಂಜೆ ಬ್ಲಾಂಡಿ ಬೇಯಿಸಿ ಡಬ್ಬಿಯಲ್ಲಿ ಮುಚ್ಚಿಡಿ, ಗ್ಲೇಜನ್ನು ಬಡಿಸುವ ದಿನವೇ ಹಾಕಿ 20 ನಿಮಿಷ ಫ್ರಿಜ್ಜಿನಲ್ಲಿ ತೆರೆದಿಡಿ. ತಣ್ಣಗಿರುವಾಗಲೇ, ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಲ್ಲಿ 16 ತುಂಡು ಮಾಡಿ, ಪ್ರತಿ ಸಲ ಒರೆಸಿಯೇ ಕೊಯ್ಯಿರಿ. ಉಳಿದದ್ದು ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಹೊರಗೆ ಇಡುವುದಾದರೆ ಇರುವೆಗೆ ತಟ್ಟೆ ಕೆಳಗೆ ನೀರು ಮರೆಯಬೇಡಿ.